ಯಾವ ತುಪ್ಪ ತರಬೇಕು? ಯಾತಕ್ಕೆ ಅಂತ ಮೊದಲು ಹೇಳಿ

ಹೋದ ವರ್ಷ ನಮ್ಮ ಅಕ್ಕನ ಮಗಳು ಬಳ್ಳಾರಿಯಲ್ಲಿ ಹೊಸದಾಗಿ ಸಂಸಾರ ಹೂಡಿದಳು. ಮೊದಲ ತಿಂಗಳ ಕಿರಾಣಿ ತರಲು ಹೋದವಳು ಅಂಗಡಿಯಲ್ಲಿ ನಿಂತೇ ಫೋನ್ ಮಾಡಿದಳು.

"ಚಿಗವ್ವ, ತುಪ್ಪ ಯಾವುದು ತರ್ಲಿ? ಇಲ್ಲಿ ಏಳೆಂಟು ನಮೂನಿ ಅದಾವ."

"ಯಾತಕ್ಕ ಬೇಕವ್ವ?"

"ಯಾತಕ್ಕಂದ್ರ? ತುಪ್ಪ ಎಲ್ಲಾ ಒಂದ ಅಲ್ಲೇನು?"

ಒಂದೇ ಅಲ್ಲ. ಬಿಸಿ ಅನ್ನಕ್ಕೆ ಹಾಕಿಕೊಳ್ಳುವ ತುಪ್ಪ, ಉಂಡಿ ಕಟ್ಟುವ ತುಪ್ಪ, ದೇವರ ಮುಂದೆ ದೀಪ ಹಚ್ಚುವ ತುಪ್ಪ, ಈ ಮೂರಕ್ಕೂ ಒಂದೇ ಡಬ್ಬಿ ತಂದರೆ ಒಂದು ಕಡೆ ದುಡ್ಡು ಹಾಳಾಗುತ್ತದೆ, ಇನ್ನೊಂದು ಕಡೆ ರುಚಿ ಹಾಳಾಗುತ್ತದೆ. ಅವತ್ತು ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಿದೆ. ಉಳಿದದ್ದನ್ನು ಸಮಾಧಾನವಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೊಪ್ಪಳ ಜಿಲ್ಲೆಯ ಹಳ್ಳಿಯವಳು, ಈಗ ಇರುವುದು ಗಂಗಾವತಿಯಲ್ಲಿ. ಮನೆಯಲ್ಲಿ ಕಾಸಿದ್ದು, ಸಂತೆಯಲ್ಲಿ ಕೊಂಡದ್ದು, ಡೇರಿ ಪ್ಯಾಕೆಟ್ಟು, ಎಲ್ಲ ಬಳಸಿ ನೋಡಿದ್ದೇನೆ.

ಮೊದಲು ಹೆಸರು ನೋಡಿ

ನಮ್ಮ ಕಡೆ ಅಂಗಡಿಯಲ್ಲಿ ತುಪ್ಪಕ್ಕೆ ಮೂರು ಹೆಸರು ಕೇಳುತ್ತೀರಿ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಆಂಧ್ರದ ಗಡಿಯೂ ಪಕ್ಕದಲ್ಲೇ. ಅಲ್ಲಿ ತೆಲುಗಿನ 'ನೆಯ್ಯಿ' ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು. ಉರ್ದು ಮಾತಾಡುವ ಮನೆಗಳಲ್ಲಿ ಅದು 'ಘೀ'. ನಮಗೆ ತುಪ್ಪ. ಮೂರೂ ಒಂದೇ ಮಾಲು: ಬೆಣ್ಣೆ ಕಾಸಿ, ನೀರು ಹೋಗಿ, ಗಸಿ ಸೋಸಿದ ಮೇಲೆ ಉಳಿಯುವ ಜಿಡ್ಡು.

ಆದರೆ ಮೂರು ಹೆಸರೂ ಮೂರು ದಾರಿಯಿಂದ ಬಂದವು. 'ಘೀ' ಬಂದದ್ದು ಸಂಸ್ಕೃತದ 'ಘೃತ'ದಿಂದ. 'ತುಪ್ಪ'ದ ನೆಂಟಸ್ತಿಕೆ ಮರಾಠಿ, ಕೊಂಕಣಿಯ 'ತೂಪ'ದ ಜೊತೆ. ಹಳೆಯ ಪ್ರಾಕೃತದಲ್ಲೂ ಈ ಮಾತು ಇದೆ. ತೆಲುಗಿನ 'ನೆಯ್ಯಿ', ತಮಿಳಿನ 'ನೆಯ್' ಹಳಗನ್ನಡದಲ್ಲೂ ಇತ್ತು. ಈಗ ಅದು ಎಲ್ಲಿ ಹೋಯಿತು ಅಂದರೆ, ಎಲ್ಲಿಗೂ ಹೋಗಿಲ್ಲ. ಬೆಳ್ + ನೆಯ್ ಸೇರಿ ಬೆಣ್ಣೆ. ಎಳ್ + ನೆಯ್ ಸೇರಿ ಎಣ್ಣೆ. ಅಂದರೆ ನಾವು 'ಎಳ್ಳೆಣ್ಣೆ' ಅಂದಾಗಲೆಲ್ಲ ಎಳ್ಳನ್ನು ಎರಡು ಸಲ ಹೇಳುತ್ತೇವೆ! ಬೆಣ್ಣೆಯಲ್ಲಿ ನೆಯ್ ಉಳಿಯಿತು, ಎಣ್ಣೆಯಲ್ಲಿ ಉಳಿಯಿತು, ತುಪ್ಪದ ಜಾಗವನ್ನು ಮಾತ್ರ ಬಿಟ್ಟುಕೊಟ್ಟಿತು. ಕನ್ನಡಿಗರಿಗೆ 'ತುಪ್ಪ' ಎಷ್ಟು ಹಿಡಿಸಿತು ಅಂದರೆ ಜೇನಿನ ರಸಕ್ಕೂ ಜೇನುತುಪ್ಪ ಅಂತಲೇ ಹೆಸರಿಟ್ಟರು.

ಪಕ್ಕದ ಗದಗ ಜಿಲ್ಲೆಯ ಮುಳುಗುಂದದ ಕವಿ ನಯಸೇನ 1112ರ ಹೊತ್ತಿಗೆ, ಶುದ್ಧ ಕನ್ನಡದಲ್ಲಿ ಸಂಸ್ಕೃತ ತಂದು ಸೇರಿಸುವವರಿಗೆ ಒಂದು ಮಾತು ಕೇಳಿದ: ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕದ್ದೇ ಅಂತ. ಅವನು ಕೇಳಿದ್ದು ಭಾಷೆಯ ಬಗ್ಗೆ. ಆದರೆ ಕೇಳಿದವರಿಗೆ ತಟ್ಟನೆ ಅರ್ಥವಾಗಬೇಕಾದರೆ, ತುಪ್ಪಕ್ಕೆ ಎಣ್ಣೆ ಬೆರೆಸಬಾರದು ಅನ್ನುವುದು ಆಗಲೇ ಮನೆಮಾತಾಗಿರಬೇಕು, ಅಲ್ವಾ?

ಅಂಗಡಿಯಲ್ಲಿ ಇದು ಹೇಗೆ ಉಪಯೋಗ ಅಂದರೆ, ಡಬ್ಬಿಯ ಮೇಲೆ ತುಪ್ಪ, ಘೀ, ನೆಯ್ಯಿ ಯಾವುದೇ ಬರೆದಿರಲಿ, ಚಿಂತೆಯಿಲ್ಲ. ಕಾನೂನಿನ ಪ್ರಕಾರ ಆ ಹೆಸರಿಟ್ಟ ಮೇಲೆ ಒಳಗೆ ಕನಿಷ್ಠ 99.5% ಹಾಲಿನ ಜಿಡ್ಡೇ ಇರಬೇಕು. ನೀರು 0.5% ದಾಟಬಾರದು. ಆದರೆ ಆ ಹೆಸರಿನ ಹಿಂದೆಯೋ ಮುಂದೆಯೋ ಇನ್ನೊಂದು ಮಾತು ಅಂಟಿಕೊಂಡಿದ್ದರೆ ಅಲ್ಲಿ ನಿಲ್ಲಿ. ವನಸ್ಪತಿ (ಗಟ್ಟಿ ಮಾಡಿದ ಎಣ್ಣೆ), ವೆಜಿಟೇಬಲ್ ಫ್ಯಾಟ್, ಕುಕಿಂಗ್ ಮೀಡಿಯಂ, ಫ್ಲೇವರ್, ಪೂಜಾ. ಇವುಗಳಲ್ಲಿ ಯಾವುದು ಕಂಡರೂ ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಮುಂದಿನ ಹಸುವಿನ ಚಿತ್ರ ನೋಡಿ ಕೊಳ್ಳಬೇಡಿ.

ಮನೆಯಲ್ಲಿ ಕಾಸುವುದಾದರೆ

ನನ್ನ ಮಟ್ಟಿಗೆ ಅನ್ನದ ಮೇಲೆ, ರೊಟ್ಟಿಯ ಮೇಲೆ, ಹೋಳಿಗೆಯ ಮೇಲೆ ಹಾಕಲು ಮನೆಯಲ್ಲಿ ಕಾಸಿದ ತುಪ್ಪಕ್ಕೆ ಸಾಟಿ ಇಲ್ಲ. ಕಾರಣ ಮೊಸರು. ಹಾಲು ಕಾಸಿ, ಹೆಪ್ಪು ಹಾಕಿ, ಮೊಸರು ಕಡೆದು ತೆಗೆದ ಬೆಣ್ಣೆಗೆ ಹುದುಗಿನಿಂದ ಒಂದು ವಾಸನೆ ಬಂದಿರುತ್ತದೆ. ಕಾಸಿದಾಗ ಅದೇ ಘಮ ತುಪ್ಪಕ್ಕೆ ಇಳಿಯುತ್ತದೆ. ಹೆಪ್ಪು ಹಾಕದೆ ಹಸಿ ಕೆನೆಯಿಂದ ತೆಗೆದ ಬೆಣ್ಣೆಯ ತುಪ್ಪವೂ ಒಳ್ಳೆಯದೇ, ಆದರೆ ವಾಸನೆ ಮೆತ್ತಗೆ.

ನಮ್ಮ ಅವ್ವ ಮಜ್ಜಿಗೆ ಕಡೆದು ಬೆಣ್ಣೆ ತೆಗೆದ ಮೇಲೆ ಅದನ್ನು ತಣ್ಣೀರಿನಲ್ಲಿ ನಾಲ್ಕೈದು ಸಲ ತೊಳೆಯುತ್ತಿದ್ದಳು. ನೀರು ತಿಳಿಯಾಗುವವರೆಗೆ ಬಿಡುತ್ತಿರಲಿಲ್ಲ. ಮಜ್ಜಿಗೆ ಉಳಿದರೆ ತುಪ್ಪ ಬೇಗ ಮುಗ್ಗಲು ಬರುತ್ತದೆ, ಗಸಿಯೂ ಜಾಸ್ತಿ. ಆಮೇಲೆ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿ. ಬೆಣ್ಣೆ ಕರಗಿ ಮೇಲೆ ಬಿಳಿ ನೊರೆ ಏಳುತ್ತದೆ. ಚಟಪಟ ಅಂತ ಸದ್ದು ಶುರುವಾಗುತ್ತದೆ. ಅದು ನೀರು ಆರುವ ಸದ್ದು. ಅವ್ವ ಆಗ ಬೇರೆ ಕೆಲಸ ಮಾಡುತ್ತಲೇ ಕಿವಿ ಮಾತ್ರ ಒಲೆಯ ಕಡೆ ಇಟ್ಟಿರುತ್ತಿದ್ದಳು. ಸದ್ದು ಸಣ್ಣದಾಗುತ್ತಾ ಬಂದು ನಿಂತ ಕೂಡಲೇ ಎದ್ದು ಬರುತ್ತಿದ್ದಳು.

ಯಾಕೆ ಅಷ್ಟು ಅವಸರ ಅಂತ ಬಹಳ ವರ್ಷ ನನಗೆ ತಿಳಿದಿರಲಿಲ್ಲ. ನೀರಿರುವವರೆಗೆ ಪಾತ್ರೆಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಮುಗಿದ ಮೇಲೆ ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ನೋಡನೋಡುತ್ತಾ 110, 120 ಡಿಗ್ರಿಗೆ ಏರುತ್ತದೆ. ತಳದ ಗಸಿ ಗೋಧಿ ಬಣ್ಣಕ್ಕೆ ತಿರುಗುವುದು ಆಗಲೇ, ಕರಕಲಾಗುವುದೂ ಆಗಲೇ. ನಡುವೆ ಇರುವುದು ಒಂದೆರಡು ನಿಮಿಷ. ಆ ಹೊತ್ತಿಗೆ ಅವ್ವ ಒಂದು ವೀಳ್ಯದೆಲೆ ಹರಿದು ಹಾಕುತ್ತಿದ್ದಳು, ಜೊತೆಗೆ ನಾಲ್ಕು ಹರಳು ಉಪ್ಪು. ಎಲೆ ಮುದುಡಿ, ಅಂಚು ಗರಿಗರಿಯಾಗಿ, ಮುಟ್ಟಿದರೆ ಮುರಿಯುವ ಹಾಗಾದರೆ ತುಪ್ಪ ಆಯಿತು. ಆ ಎಲೆಗಾಗಿ ನಾವು ಮಕ್ಕಳು ಕಾದು ಕೂತಿರುತ್ತಿದ್ದೆವು. ಕೆಲವರು ನುಗ್ಗೆಸೊಪ್ಪು ಹಾಕುತ್ತಾರೆ, ಕೆಲವರು ಮೆಂತ್ಯ, ಕರಿಬೇವು. ನನಗೆ ವೀಳ್ಯದೆಲೆಯೇ ಸರಿ.

ಇಳಿಸಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಮುಚ್ಚಳ ಹಾಕದೆ ತಾನಾಗಿ ಆರಲು ಬಿಡಿ. ನಿಧಾನ ಆರಿದಷ್ಟೂ ತುಪ್ಪದಲ್ಲಿ ಮರಳಿನಂಥ ಕಾಳು ದಪ್ಪ ಕಟ್ಟುತ್ತದೆ. ಬಿಸಿಬಿಸಿ ಇರುವಾಗಲೇ ಫ್ರಿಜ್ಜಿನಲ್ಲಿ ಇಟ್ಟರೆ ಮೇಣದ ಹಾಗೆ ಒಂದೇ ಮುದ್ದೆ ಆಗುತ್ತದೆ.

ಈಗ ಲೆಕ್ಕ. ತುಪ್ಪದ ವಿಷಯದಲ್ಲಿ ಮೋಸ ಹೋಗಬಾರದು ಅಂದರೆ ಇದೊಂದನ್ನು ನೆನಪಿಡಿ. ಆಕಳ ಹಾಲಿನಲ್ಲಿ ಜಿಡ್ಡು ಸುಮಾರು 4%, ಎಮ್ಮೆ ಹಾಲಿನಲ್ಲಿ 6-7%. ಹಾಗಾಗಿ 1 ಕೆ.ಜಿ. ಆಕಳ ತುಪ್ಪಕ್ಕೆ ಏನಿಲ್ಲವೆಂದರೂ 25 ಲೀಟರ್ ಹಾಲು ಬೇಕು. ಎಮ್ಮೆಯದಾದರೆ 15 ಲೀಟರ್ ಚಿಲ್ಲರೆ. ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಜಿಡ್ಡು 3% ಮಾತ್ರ. ಅದನ್ನು ಯಂತ್ರದಲ್ಲಿ ಏಕರಸ (ಹೋಮೋಜಿನೈಸ್) ಮಾಡಿದ್ದರೆ ಕೆನೆಯೂ ಸರಿಯಾಗಿ ಕಟ್ಟುವುದಿಲ್ಲ. ಅದರ ಕೆನೆ ಕೂಡಿಹಾಕಿ ತುಪ್ಪ ಮಾಡುವ ಆಸೆ ಬಿಡಿ. ತಿಂಗಳೆಲ್ಲಾ ಕಾದು ಒಂದು ಬಟ್ಟಲು ಬರುತ್ತದೆ, ಅಷ್ಟರಲ್ಲಿ ಹಳೆ ಕೆನೆ ಕಹಿಯಾಗಿರುತ್ತದೆ. ಗೌಳಿಗರ ಮನೆಯ ಹಾಲು ಅಥವಾ 6% ಜಿಡ್ಡಿನ ಫುಲ್ ಕ್ರೀಮ್ ಹಾಲು ದಿನಾ 1 ಲೀಟರ್ ತರುವ ಮನೆಯಾದರೆ ಮಾತ್ರ ಇದು ಕೈಗೂಡುತ್ತದೆ. ಕೆನೆಯ ಡಬ್ಬಿಗೆ ಮೊದಲ ದಿನವೇ ಒಂದು ಚಮಚ ಮೊಸರು ಹಾಕಿ, ಫ್ರಿಜ್ಜಿನಲ್ಲಿಡಿ. ಎಂಟು ಹತ್ತು ದಿನಕ್ಕೊಮ್ಮೆ ಕಡೆಯಿರಿ.

ಸಂತೆಯಲ್ಲಿ ಬೆಣ್ಣೆ ಕೊಳ್ಳಿ, ತುಪ್ಪ ಕೊಳ್ಳಬೇಡಿ

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಒಂದು ಯುಗಾದಿಗೆ, ಮನೆತುಂಬ ಜನ ಬರುವವರಿದ್ದರು ಅಂತ, ಸಂತೆಯಲ್ಲಿ 'ಹಳ್ಳಿ ತುಪ್ಪ' ಅಂತ 2 ಕೆ.ಜಿ. ತಂದೆ. ಮೂಸಿದರೆ ಘಮಘಮ. ಬಿಸಿ ಹೋಳಿಗೆಗೆ ಹಾಕಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಮರುದಿನ ತಣ್ಣನೆಯ ಸಜ್ಜೆ ರೊಟ್ಟಿಗೆ ಸವರಿಕೊಂಡು ತಿಂದೆ. ಬಾಯಿಯ ಮೇಲ್ಭಾಗಕ್ಕೆ ಮೇಣ ಮೆತ್ತಿದ ಹಾಗೆ ಹಿಡಿಯಿತು. ಬಿಸಿನೀರು ಕುಡಿದರೂ ಹೋಗಲಿಲ್ಲ. ಡಬ್ಬಿ ತೆರೆದಿಟ್ಟ ನಾಲ್ಕೇ ದಿನಕ್ಕೆ ಘಮ ಹಾರಿಹೋಗಿ ಬರೀ ಜಿಡ್ಡು ಉಳಿಯಿತು. ಮನೆಗೆ ಬಂದ ಬೀಗರ ಎಲೆಗೆ ಅದನ್ನು ಬಡಿಸಿದೆನಲ್ಲಾ ಅಂತ ಇವತ್ತಿಗೂ ನೋಯುತ್ತದೆ.

ಅಲ್ಲಿಂದ ಮುಂದೆ ಸಂತೆಯಲ್ಲಿ ಬೆಣ್ಣೆ ಮಾತ್ರ ಕೊಳ್ಳುತ್ತೇನೆ. ಬೆಣ್ಣೆಯಲ್ಲಿ ಮೋಸ ಮಾಡಿದರೆ ನಮ್ಮ ಒಲೆಯ ಮೇಲೇ ಗೊತ್ತಾಗುತ್ತದೆ. ಗಸಿ ಕಂದು ಬಣ್ಣಕ್ಕೆ ತಿರುಗಿ ಹಾಲಿನ ವಾಸನೆ ಬರಬೇಕು. ಗಸಿಯೇ ಇಲ್ಲದೆ ಬರೀ ಜಿಡ್ಡು ತೇಲಿದರೆ ಅನುಮಾನಪಡಿ. ಕೊಳ್ಳುವಾಗ ಉಂಡೆಯನ್ನು ಬೆರಳಲ್ಲಿ ಒತ್ತಿ ನೋಡಿ. ನೀರು ಹನಿಹನಿಯಾಗಿ ಜಾಸ್ತಿ ಬಂದರೆ ನೀವು ನೀರಿಗೆ ದುಡ್ಡು ಕೊಡುತ್ತಿದ್ದೀರಿ. ಹದವಾದ ಬೆಣ್ಣೆ 1 ಕೆ.ಜಿ. ಕಾಸಿದರೆ 750ರಿಂದ 800 ಗ್ರಾಂ ತುಪ್ಪ ಬರುತ್ತದೆ. ಬೆಣ್ಣೆ ಕೆ.ಜಿ.ಗೆ 500 ರೂಪಾಯಿ ಅಂದುಕೊಳ್ಳಿ, ತುಪ್ಪ ನಿಮಗೆ ಬಿದ್ದದ್ದು 650 ರೂಪಾಯಿ ಸುಮಾರು. ಗ್ಯಾಸು, ನಿಮ್ಮ ಮುಕ್ಕಾಲು ಗಂಟೆ ಬೇರೆ.

ಡೇರಿ ಪ್ಯಾಕೆಟ್ಟು

ಕೆಲಸಕ್ಕೆ ಹೋಗುವ ಗಂಡ ಹೆಂಡತಿ ಇರುವ ಮನೆಗೆ ನಾನು ಹೇಳುವುದು ಇದನ್ನೇ. ನಮ್ಮ ಭಾಗದ ಹಳ್ಳಿಗಳ ಹಾಲು ಸೇರುವುದು ರಾಬಕೊವಿ ಒಕ್ಕೂಟಕ್ಕೆ. ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ, ನಾಲ್ಕರ ಮೊದಲ ಅಕ್ಷರ ಸೇರಿಸಿದ ಹೆಸರು ಅದು. ಮಾರುವುದು ನಂದಿನಿ ಹೆಸರಲ್ಲಿ. ಡೇರಿ ತುಪ್ಪದಲ್ಲಿ ಅವ್ವನ ತುಪ್ಪದ ಘಮ ಹುಡುಕಬೇಡಿ, ಸಿಗುವುದಿಲ್ಲ. ಆದರೆ ಈ ತಿಂಗಳು ತಂದದ್ದೂ ಮುಂದಿನ ತಿಂಗಳು ತಂದದ್ದೂ ಒಂದೇ ಥರ ಇರುತ್ತದೆ. ಉಂಡಿ, ಮೈಸೂರು ಪಾಕಿನಂಥ ಅಳತೆಯ ಅಡುಗೆಗೆ ಅದೇ ಬೇಕು.

ಬೆಲೆ ಹೋಲಿಸುವಾಗ ಬಹಳ ಜನ ಎಡವುವುದು ಒಂದು ಕಡೆ. ಪ್ಯಾಕೆಟ್ಟು ಲೀಟರಿನಲ್ಲಿ, ಹಳ್ಳಿ ತುಪ್ಪ ಕೆ.ಜಿ.ಯಲ್ಲಿ. 1 ಲೀಟರ್ ತುಪ್ಪ ತೂಗಿದರೆ ಸುಮಾರು 910 ಗ್ರಾಂ ಅಷ್ಟೇ. ಲೀಟರಿಗೆ 650 ರೂಪಾಯಿ ಅಂದರೆ ಕೆ.ಜಿ.ಗೆ 714 ಆಯಿತು. ಇದನ್ನು ಸರಿದೂಗಿಸಿ ಆಮೇಲೆ ಯಾವುದು ಅಗ್ಗ ಅಂತ ಹೇಳಿ. 2025ರ ಸೆಪ್ಟೆಂಬರ್ 22ರಿಂದ ತುಪ್ಪದ ಮೇಲಿನ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿದಿದೆ. ಹಾಗಾಗಿ ಹಳೆ ದರ ಬಾಯಲ್ಲಿ ಇಟ್ಟುಕೊಂಡು ಚೌಕಾಸಿ ಮಾಡಬೇಡಿ, ಪ್ಯಾಕೆಟ್ಟಿನ ಮೇಲಿನ ದರ ನೋಡಿ. ಜೊತೆಗೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ, ಕೊಡುವ 14 ಅಂಕಿಯ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಸರ್ಕಾರದ ಗುಣಮಟ್ಟದ ಗುರುತಾದ ಅಗ್‌ಮಾರ್ಕ್ ಮುದ್ರೆ ಇದ್ದರೆ ಇನ್ನೂ ಒಳ್ಳೆಯದು.

ಆಕಳೋ ಎಮ್ಮೆಯೋ, ಹತ್ತಿಕಾಳೋ

ಆಕಳ ತುಪ್ಪ ಹಳದಿ. ಹಸಿರು ಮೇವಿನ ಕ್ಯಾರೋಟಿನ್ ಹಾಲಿಗೆ ಹಾಗೇ ಇಳಿಯುವುದರಿಂದ ಆ ಬಣ್ಣ. ಎಮ್ಮೆ ತುಪ್ಪ ಬಿಳಿ, ಕಾಳು ದಪ್ಪ. ಬಾಯಿಗೆ ಎಮ್ಮೆ ತುಪ್ಪ ಗಟ್ಟಿ ಅನ್ನಿಸುತ್ತದೆ. ಉಂಡಿಗೆ, ಮಾದಲಿಗೆ ನನಗೆ ಅದೇ ಇಷ್ಟ. ಅನ್ನ-ಸಾರಿಗೆ ಆಕಳದ್ದು.

ನಮ್ಮ ಕಡೆಯವರು ತಿಳಿದಿರಬೇಕಾದ ಇನ್ನೊಂದು ಮಾತಿದೆ. ಇದು ಹತ್ತಿ ಬೆಳೆಯುವ ಸೀಮೆ. ದನಕ್ಕೆ ಹತ್ತಿಕಾಳು, ಹತ್ತಿಕಾಳಿನ ಹಿಂಡಿ ಹಾಕುತ್ತೇವೆ. ಹತ್ತಿಕಾಳು ತಿಂದ ದನದ ತುಪ್ಪ ಗಟ್ಟಿ, ಕಾಳುಕಾಳು, ತಡವಾಗಿ ಕರಗುತ್ತದೆ. ಅದರ ಗುಣ ಎಷ್ಟು ಬೇರೆ ಅಂದರೆ, ಹತ್ತಿ ಎಣ್ಣೆ ಬೆರೆತಿದೆಯಾ ಅಂತ ನೋಡುವ ಲ್ಯಾಬಿನ ಪರೀಕ್ಷೆಯಲ್ಲಿ ಅಪ್ಪಟ ತುಪ್ಪವೂ ಹೌದು ಅನ್ನುವ ಹಾಗೆ ಬಣ್ಣ ತೋರಿಸುತ್ತದೆ. ಹಾಗಾಗಿ ಪರಿಚಯದ ರೈತರ ಮನೆಯ ತುಪ್ಪ ಗಟ್ಟಿಯಾಗಿದೆ ಅಂತ ಸುಮ್ನೆ ಅವರ ಮೇಲೆ ಅನುಮಾನಪಡಬೇಡಿ. ದನಕ್ಕೆ ಏನು ಹಾಕುತ್ತೀರಿ ಅಂತ ಕೇಳಿ.

'ಎ2' ಅಂತ ಬರೆದ ಬಾಟಲಿಗೆ ಮೂರುಪಟ್ಟು ಬೆಲೆ. ಎ1, ಎ2 ಅನ್ನುವುದು ಹಾಲಿನ ಪ್ರೋಟೀನಿನ ಬಗೆ. ತುಪ್ಪದಲ್ಲಿ ಇರುವುದು ಜಿಡ್ಡು, ಪ್ರೋಟೀನು ಗಸಿಯ ಜೊತೆ ಹೋಗಿಬಿಟ್ಟಿರುತ್ತದೆ. 2024ರ ಆಗಸ್ಟಿನಲ್ಲಿ ಎಫ್‌ಎಸ್‌ಎಸ್‌ಎಐ ಇದೇ ಕಾರಣಕ್ಕೆ ಆ ಮಾತನ್ನು ತೆಗೆಯಿರಿ ಅಂತ ಹೇಳಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂದೆಗೆದುಕೊಂಡಿತು. ನಾಟಿ ಆಕಳು ಸಾಕುವವರಿಗೆ ನಾಲ್ಕು ಕಾಸು ಜಾಸ್ತಿ ಕೊಡುವುದಾದರೆ ಖುಷಿಯಿಂದ ಕೊಡಿ. ಕಡಿಮೆ ಹಾಲು ಕೊಡುವ ದನ ಸಾಕುವುದು ಕಷ್ಟದ ಕೆಲಸ. ಆದರೆ ಎ2 ಅನ್ನುವ ಎರಡಕ್ಷರಕ್ಕೆ ಕೊಡಬೇಡಿ.

ಅಂಗೈ ಪರೀಕ್ಷೆ ನಮ್ಮೂರಲ್ಲಿ ನಡೆಯುವುದಿಲ್ಲ

ಅಂಗೈಯಲ್ಲಿಟ್ಟರೆ ಕರಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ, 40 ಡಿಗ್ರಿಯಲ್ಲಿ, ತುಪ್ಪವೂ ಕರಗುತ್ತದೆ, ಡಾಲ್ಡಾವೂ ಕರಗುತ್ತದೆ. ಸಕ್ಕರೆ ಮತ್ತು ಆಸಿಡ್ ಹಾಕಿ ಕೆಂಪಾಗುತ್ತದಾ ನೋಡುವ ಪರೀಕ್ಷೆ ಹಿಡಿಯುವುದು ಎಳ್ಳೆಣ್ಣೆಯನ್ನು. ವನಸ್ಪತಿಗೆ ಗುರುತಿಗೆಂದೇ ಎಳ್ಳೆಣ್ಣೆ ಸೇರಿಸುವ ನಿಯಮ ಇರುವುದರಿಂದ ಅದು ಸಿಕ್ಕಿಬೀಳುತ್ತದೆ. ಬರೀ ತಾಳೆ ಎಣ್ಣೆ ಬೆರೆಸಿದರೆ ಸಿಗುವುದಿಲ್ಲ. ಮನೆಯಲ್ಲಿ ಆಸಿಡ್ ಇಟ್ಟುಕೊಳ್ಳುವ ಸಾಹಸವೂ ಬೇಡ. ಒಂದು ಹನಿ ಟಿಂಕ್ಚರ್ ಅಯೋಡಿನ್ ಹಾಕಿ ನೀಲಿಯಾದರೆ ಆಲೂಗಡ್ಡೆಯಂಥ ಪಿಷ್ಟ ಬೆರೆತಿದೆ ಅಂತ ಅರ್ಥ. ಇದು ಮಾತ್ರ ಮನೆಯಲ್ಲಿ ಮಾಡಬಹುದು. ಇವೆಲ್ಲಕ್ಕಿಂತ ಮೇಲೆ ಹೇಳಿದ ಹಾಲಿನ ಲೆಕ್ಕವೇ ಗಟ್ಟಿ. 25 ಲೀಟರ್ ಹಾಲು ಬೇಕಾದ ತುಪ್ಪವನ್ನು ಕೆ.ಜಿ.ಗೆ 350 ರೂಪಾಯಿಗೆ ಕೊಡುತ್ತೇನೆ ಅಂದರೆ ಆ ಹಾಲು ಎಲ್ಲಿಂದ ಬಂತು?

ಡಾಲ್ಡಾ, ದೀಪದ ತುಪ್ಪ

ಡಾಲ್ಡಾ 1937ರಲ್ಲಿ ಬಂದ ಒಂದು ಬ್ರಾಂಡು. ಈಗ ಯಾವ ಕಂಪನಿಯ ವನಸ್ಪತಿಗೂ ಅದೇ ಹೆಸರು. ಎಣ್ಣೆಯನ್ನು ಗಟ್ಟಿ ಮಾಡಿದ್ದು ಅದು, ಹಾಲಿನ ಸಂಬಂಧವಿಲ್ಲ. 2022ರಿಂದ ಅದರಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಫ್ಯಾಟ್ ಅನ್ನುವ ಜಿಡ್ಡು 2% ದಾಟಬಾರದು ಅಂತ ನಿಯಮ ಬಂದಿದೆ. ಆದರೂ ತುಪ್ಪದ ಜಾಗದಲ್ಲಿ ನಾನು ಅದನ್ನು ಇಡಲಾರೆ. ಶಂಕರಪೋಳಿ ಕರಿಯಬೇಕಾ? ಶೇಂಗಾ ಎಣ್ಣೆ ಇದೆಯಲ್ಲ.

ದೀಪಕ್ಕೆ ಅಂತ ಮಾರುವ ಅಗ್ಗದ 'ಪೂಜಾ' ತುಪ್ಪದ ಮೇಲೆ ಬಹಳ ಸಲ ತಿನ್ನಲು ಅಲ್ಲ ಅಂತ ಬರೆದಿರುತ್ತಾರೆ. ದೀಪಕ್ಕೆ ಹಚ್ಚಿ, ಅಡ್ಡಿಯಿಲ್ಲ. ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ. ವಯಸ್ಸಾದವರು ಕಣ್ಣು ಕಾಣದೆ ಅದನ್ನೇ ಅನ್ನಕ್ಕೆ ಹಾಕಿಕೊಳ್ಳುತ್ತಾರೆ. ಬೇರೆ ಬಣ್ಣದ ಡಬ್ಬಿಯಲ್ಲಿ ದೇವರ ಜಗಲಿಯ ಮೇಲೆಯೇ ಇರಲಿ.

ಹಾಗಾದರೆ ನಮ್ಮ ಹುಡುಗಿ ಏನು ತಂದಳು

ಅವತ್ತು ಅವಳಿಗೆ ಅರ್ಧ ಲೀಟರಿನ ಡೇರಿ ಪ್ಯಾಕೆಟ್ಟು ತಾ ಅಂದೆ. ಒಗ್ಗರಣೆಗೆ, ದೋಸೆಗೆ, ರವೆ ಹುರಿಯಲು ಅದು ಸಾಕು. ಬೆಣ್ಣೆ 175 ಡಿಗ್ರಿಯ ಹತ್ತಿರವೇ ಹೊಗೆಯಾಡುತ್ತದೆ, ತುಪ್ಪ 250ರ ಸುಮಾರಿಗೆ. ಹಾಗಾಗಿ ಒಗ್ಗರಣೆಗೆ ಬೆಣ್ಣೆ ಹಾಕಿ ಸೀಯಿಸಬೇಡ ಅಂತಲೂ ಹೇಳಿದೆ. ದೀಪಕ್ಕೆ ಒಂದು ಸಣ್ಣ ಬಾಟಲಿ ಬೇರೆ. ಊಟಕ್ಕೆ ಹಾಕಿಕೊಳ್ಳಲು, ಊರಿಗೆ ಬಂದಾಗ ಬೆಣ್ಣೆ ಕೊಡಿಸಿ ಕಾಸಿ ಕಳಿಸುತ್ತೇನೆ ಅಂದೆ. ಇಬ್ಬರೇ ಇರುವ ಮನೆಗೆ ತಿಂಗಳಿಗೆ ಕಾಲು ಕೆ.ಜಿ. ಸಾಕು. ಒಂದು ದೊಡ್ಡ ಚಮಚ ತುಪ್ಪ ಅಂದರೆ 120 ಕ್ಯಾಲರಿ. ದಿನಾ ರೊಟ್ಟಿಗೆ ಧಾರಾಳವಾಗಿ ಸುರಿಯುವುದು ಹೊಲದಲ್ಲಿ ದುಡಿಯುವವರಿಗೆ ಸರಿ, ಕಂಪ್ಯೂಟರ್ ಮುಂದೆ ಕೂರುವ ಅವಳ ಗಂಡನಿಗೆ ಬೇಡ.

ಈ ಸಂಕ್ರಾಂತಿಗೆ ಅವಳು ಬಂದಾಗ ಇಬ್ಬರೂ ಕೂತು ಎರಡು ಕೆ.ಜಿ. ಬೆಣ್ಣೆ ಕಾಸಿದೆವು. ಸದ್ದು ನಿಂತಾಗ ಅವಳೇ ಓಡಿಹೋಗಿ ಉರಿ ಆರಿಸಿದಳು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಗಸಿಗೆ ಒಂದಿಷ್ಟು ಬೆಲ್ಲದ ಪುಡಿ ಹಾಕಿ ಕಲಸಿ, ಬಿಸಿ ಜೋಳದ ರೊಟ್ಟಿಯ ನಡುವೆ ಇಟ್ಟು ಸುರುಳಿ ಸುತ್ತಿ ಕೊಟ್ಟೆ. ಗಸಿ ಎಸೆಯಬೇಡಿ. ಅದು ಎರಡು ದಿನ ಚೆನ್ನಾಗಿರುತ್ತದೆ.